ಅಪ್ಪನ ತಿಥಿಯ ದಿನ ಅಕ್ಕಂದಿರ ಸಹಿ ಕೇಳಬಹುದೇ?

ಪ್ರಶ್ನೆ: ನಮ್ಮೂರು ಕುಣಿಗಲ್ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ನಾನು ಬೆಂಗಳೂರಿನ ಹೆಗ್ಗನಹಳ್ಳಿಯಲ್ಲಿದ್ದೇನೆ, ಕೆಲಸ ಪೀಣ್ಯದಲ್ಲಿ. ಹೋದ ತಿಂಗಳು ನಮ್ಮಪ್ಪ ಮನೆಯಲ್ಲೇ ತೀರಿಕೊಂಡರು, 86 ವರ್ಷ. ತೋಟದ ಮೂಲೆಯಲ್ಲೇ ಮಣ್ಣು ಮಾಡಿದೆವು. 1962ರಲ್ಲಿ ತಾತ ಹೋದಾಗ ಅಪ್ಪನಿಗೆ 23. ಇಬ್ಬರು ಚಿಕ್ಕಪ್ಪಂದಿರನ್ನು ಓದಿಸಿ, ಮದುವೆ ಮಾಡಿ, 1978ರಲ್ಲಿ ಪಾಲು ಮಾಡಿಕೊಟ್ಟರು. ನಾವು ಐವರು ಮಕ್ಕಳು: ಅಣ್ಣ, ಮೂವರು ಅಕ್ಕಂದಿರು, ಕೊನೆಯವನು ನಾನು. ಅಕ್ಕಂದಿರ ಮದುವೆ ಆದದ್ದು 1989, 1996 ಮತ್ತು 2003ರಲ್ಲಿ. ಅವ್ವ ಇದ್ದಾರೆ. ಮುತ್ತಜ್ಜನ ಕಾಲದಿಂದ ಬಂದದ್ದರಲ್ಲಿ ಅಪ್ಪನ ಪಾಲಿಗೆ 4 ಎಕರೆ 20 ಗುಂಟೆ. ಗೇಣಿಗೆ ಮಾಡುತ್ತಿದ್ದ 2 ಎಕರೆ, ಗೇಣಿದಾರರ ಅರ್ಜಿ ಫಾರಂ 7 ಹಾಕಿ, 1981ರಲ್ಲಿ ಅಪ್ಪನ ಹೆಸರಿಗೆ ಆಯಿತು. 1991ರಲ್ಲಿ ಅವರೇ ದುಡಿದು ಕೊಂಡದ್ದು 1 ಎಕರೆ 20 ಗುಂಟೆ. ಹನ್ನೊಂದನೇ ದಿನ ತಿಥಿ ಊಟ ಮುಗಿದ ಮೇಲೆ ಅಣ್ಣ 'ಜಮೀನಿನಲ್ಲಿ ನಮಗೆ ಪಾಲು ಬೇಡ' ಅಂತ ಬರೆದ ಬಾಂಡ್ ಪೇಪರ್ ತಂದು ಅಕ್ಕಂದಿರ ಮುಂದಿಟ್ಟ. ಇಬ್ಬರು ಪೆನ್ನು ಹಿಡಿದರು. ನಡುವಿನ ಅಕ್ಕ 'ಅವ್ವನ ಮುಖ ನೋಡ್ರೋ, ಇವತ್ತು ಬ್ಯಾಡ' ಅಂತ ಅತ್ತುಬಿಟ್ಟಳು. ನಾನು ಕಾಗದ ತಗೊಂಡು ಜೇಬಿಗಿಟ್ಟೆ. ಅವತ್ತಿಂದ ಅಣ್ಣ ನನ್ನ ಜತೆ ಮಾತಾಡ್ತಿಲ್ಲ. 'ಮದುವೇಲಿ ಕೊಟ್ಟಿದ್ದೇ ಅವರ ಪಾಲು ಅಂತ ಅಪ್ಪನೇ ಹೇಳಿದ್ರು, ಮೂವತ್ತು ವರ್ಷ ಉತ್ತೋನು ನಾನು' ಅಂತಾನೆ. ಅದೂ ಸುಳ್ಳಲ್ಲ. ಕಾನೂನು ಏನು ಹೇಳುತ್ತೆ? ಅಪ್ಪ ಕಟ್ಟಿದ ಮನೆ ನನ್ನಿಂದ ಒಡೆಯಿತಾ?

ಉತ್ತರ: ನೀವು ಮಾಡಿದ್ದು ಸರಿ. ಇದನ್ನು ಮೊದಲೇ ಹೇಳುತ್ತೇನೆ, ಏಕೆಂದರೆ ನಿಮ್ಮ ಪತ್ರದ ಕೊನೆಯ ಸಾಲು ನನ್ನನ್ನು ಬಹಳ ಹೊತ್ತು ಕಾಡಿತು.

ಆ ಕಾಗದಕ್ಕೆ ಮೂವರೂ ಸಹಿ ಹಾಕಿದ್ದರೂ ಒಂದು ಗುಂಟೆ ಜಮೀನೂ ಅತ್ತಿಂದಿತ್ತ ಆಗುತ್ತಿರಲಿಲ್ಲ. ಜಮೀನಿನ ಹಕ್ಕು ಬಿಟ್ಟುಕೊಡುವ ಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಬೇಕು. ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಗೆ ಇದು ಕಡ್ಡಾಯ ಎಂದು 1908ರ ನೋಂದಣಿ ಕಾಯ್ದೆಯಲ್ಲೇ ಇದೆ. ಮನೆಯ ಜಗಲಿಯಲ್ಲಿ ಬರೆದ ಬಾಂಡ್ ಪೇಪರಿನಿಂದ ಆ ಕೆಲಸ ಆಗುವುದಿಲ್ಲ. ಜಮೀನು ಸಿಗದೆ, ಅಕ್ಕಂದಿರ ಮನಸ್ಸಿನಲ್ಲಿ 'ಅಪ್ಪನ ತಿಥಿ ದಿನ ಸಹಿ ಹಾಕಿಸಿಕೊಂಡರು' ಎಂಬ ನೆನಪೊಂದೇ ಉಳಿಯುತ್ತಿತ್ತು.

ಹಾಗೆಂದು ನಿಮ್ಮ ಅಣ್ಣನನ್ನು ಕೆಟ್ಟವನೆಂದು ತಿಳಿಯಬೇಡಿ. ಇಪ್ಪತ್ತೇಳು ವರ್ಷಗಳಿಂದ ವಕೀಲನಾಗಿ ಬೆಂಗಳೂರಿನ ಸಿವಿಲ್ ಕೋರ್ಟಿನಲ್ಲಿ ಪಾಲಿನ ದಾವೆ ನಡೆಸುತ್ತಿದ್ದೇನೆ. ತಿಥಿಯ ದಿನ ಕಾಗದ ಬರುವುದಕ್ಕೆ ಕಾರಣ ಹೆಚ್ಚಿನ ಸಲ ಒಂದೇ: ಮತ್ತೆ ಎಲ್ಲರೂ ಒಟ್ಟಿಗೆ ಸಿಗುವುದು ಯಾವಾಗ ಎಂಬ ಆತಂಕ. ಒಬ್ಬಳು ತಿಪಟೂರಿಗೆ, ಒಬ್ಬಳು ಮಾಗಡಿಗೆ, ಒಬ್ಬಳು ಬೆಂಗಳೂರಿಗೆ ಅವತ್ತೇ ಸಂಜೆ ಬಸ್ಸು ಹತ್ತುತ್ತಾರೆ. ಊರಲ್ಲಿ ಉಳಿಯುವವನು ಅಣ್ಣ. ನಾಳೆ ಸೊಸೈಟಿ ಸಾಲಕ್ಕೆ, ಬೆಳೆ ಪರಿಹಾರಕ್ಕೆ, ಬೋರಿನ ಮೀಟರಿಗೆ, ಎಲ್ಲದಕ್ಕೂ 'ಖಾತೆ ಯಾರ ಹೆಸರಲ್ಲಿದೆ' ಎಂದು ಕೇಳಿಸಿಕೊಳ್ಳಬೇಕಾದವನು ಅವನೇ.

ಈಗ ಕಾನೂನು. ನಿಮ್ಮಪ್ಪ ಆ ಮನೆಯ ಯಜಮಾನರು. ಕಾನೂನಿನಲ್ಲಿ ಅವರಿಗೆ ಕರ್ತ ಎನ್ನುತ್ತಾರೆ. ಕರ್ತ ಎಂದರೆ ಒಟ್ಟು ಕುಟುಂಬದ ಆಸ್ತಿಯನ್ನು ಎಲ್ಲರ ಪರವಾಗಿ ನಡೆಸುವವನು, ಒಬ್ಬನೇ ಮಾಲೀಕನಲ್ಲ. ಕಂದಾಯ ಕಟ್ಟುವುದು, ಸಾಲ ತರುವುದು, ಮನೆಯ ಅಗತ್ಯಕ್ಕೆ ಮಾರುವುದು ಅವನಿಗೆ ಸೇರಿದ ಅಧಿಕಾರ. ಆದರೆ ಪಹಣಿಯ ಒಂಬತ್ತನೇ ಕಾಲಂನಲ್ಲಿ ಅವನೊಬ್ಬನ ಹೆಸರಿದೆ ಎಂದ ಮಾತ್ರಕ್ಕೆ ಉಳಿದವರ ಹಕ್ಕು ಅಳಿಸಿಹೋಗುವುದಿಲ್ಲ. ಪಹಣಿ ಮತ್ತು ಖಾತೆ ಕಂದಾಯದ ದಾಖಲೆಗಳು, ಒಡೆತನವನ್ನು ಅವು ಹುಟ್ಟಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಎಷ್ಟೋ ಸಲ ಹೇಳಿದೆ.

ಹೆಣ್ಣುಮಕ್ಕಳ ವಿಷಯದಲ್ಲಿ ನಮ್ಮ ರಾಜ್ಯ ದೇಶಕ್ಕಿಂತ ಮೊದಲೇ ಹೆಜ್ಜೆ ಇಟ್ಟಿತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದು, 1994ರ ಜುಲೈ 30ರಿಂದ ಜಾರಿಗೆ ಬಂದ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿತು. ಒಂದು ಕೊರತೆ ಇತ್ತು: ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತು. ಊರುಗಳಲ್ಲಿ ಇವತ್ತಿಗೂ 'ತೊಂಬತ್ನಾಲ್ಕಕ್ಕೆ ಮುಂಚೆ ಮದುವೆ ಆದೋರಿಗೆ ಇಲ್ಲ' ಎಂಬ ಮಾತು ಓಡಾಡುವುದು ಇದರಿಂದಲೇ. ನಿಮ್ಮ ದೊಡ್ಡಕ್ಕನಿಗೂ ಯಾರೋ ಇದನ್ನು ಹೇಳಿರುತ್ತಾರೆ. 2005ರ ಸೆಪ್ಟೆಂಬರ್ 9ರಂದು ಜಾರಿಯಾದ ಕೇಂದ್ರದ ತಿದ್ದುಪಡಿಯಲ್ಲಿ ಮದುವೆಯ ದಿನಾಂಕದ ತಾರತಮ್ಯವೇ ಇಲ್ಲ. ವಿನೀತಾ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಉಳಿದ ಗೊಂದಲವನ್ನೂ ತೆಗೆಯಿತು: ಈ ಹಕ್ಕು ಹುಟ್ಟಿನಿಂದ ಬರುತ್ತದೆ, 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಪಾಲಾಗಿದ್ದರೆ ಮಾತ್ರ ಅದನ್ನು ಮತ್ತೆ ಕೆದಕುವಂತಿಲ್ಲ. ನಿಮ್ಮಲ್ಲಿ ಅಪ್ಪ ಮತ್ತು ಮಕ್ಕಳ ನಡುವೆ ಪಾಲೇ ಆಗಿಲ್ಲ. ಆದ್ದರಿಂದ 1989ರಲ್ಲಿ ಮದುವೆಯಾದ ಅಕ್ಕ ಮತ್ತು ನೀವು ಕಾನೂನಿನ ಕಣ್ಣಿಗೆ ಸಮಾನರು.

'ಮದುವೆಯಲ್ಲಿ ಕೊಟ್ಟದ್ದೇ ಪಾಲು' ಎಂದು ಅಪ್ಪ ಹೇಳಿರಬಹುದು. ಅವರ ಕಾಲದ ಎಲ್ಲ ಯಜಮಾನರೂ ಹೇಳುತ್ತಿದ್ದ ಮಾತು ಅದು. ಆದರೆ ಮದುವೆಯ ಖರ್ಚು ಪಾಲಲ್ಲ. ಬಾಯಿಮಾತು ಉಯಿಲೂ ಅಲ್ಲ. ಉಯಿಲು ಬರವಣಿಗೆಯಲ್ಲಿದ್ದು, ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ಹಾಗೆ ಬರೆದಿದ್ದರೂ ಪಿತ್ರಾರ್ಜಿತದಲ್ಲಿ ತನ್ನ ಒಂದು ಪಾಲನ್ನು ಮಾತ್ರ ಅವರು ಬರೆಯಬಹುದಿತ್ತು, ಮಕ್ಕಳ ಪಾಲನ್ನಲ್ಲ.

ಲೆಕ್ಕ ಹೀಗೆ ಬರುತ್ತದೆ. 4 ಎಕರೆ 20 ಗುಂಟೆ ಎಂದರೆ 180 ಗುಂಟೆ. ಅಪ್ಪ ತೀರಿಕೊಳ್ಳುವ ಮುಂಚಿನ ಗಳಿಗೆಯಲ್ಲಿ ಪಾಲಾಗಿದ್ದರೆ ಹೇಗೋ ಹಾಗೆ ಭಾವಿಸಿ, ಅಪ್ಪ ಮತ್ತು ಐವರು ಮಕ್ಕಳಿಗೆ ಆರು ಪಾಲು ಮಾಡುತ್ತಾರೆ, ತಲಾ 30 ಗುಂಟೆ. ಅಪ್ಪನ 30 ಗುಂಟೆ ಮತ್ತೆ ಅವ್ವ ಮತ್ತು ಐವರು ಮಕ್ಕಳಿಗೆ ಸಮನಾಗಿ, ತಲಾ 5. ಅಲ್ಲಿಗೆ ಮಕ್ಕಳಿಗೆ 35 ಗುಂಟೆ ಬಂತು, ಅವ್ವನಿಗೆ 5. ಅಪ್ಪ ಸ್ವಂತ ದುಡಿಮೆಯಿಂದ ಕೊಂಡ 60 ಗುಂಟೆ ನೇರವಾಗಿ ಆರು ಜನಕ್ಕೆ, ತಲಾ 10.

ಆ ಐದು ಗುಂಟೆಯ ಮೇಲೆ ಸ್ವಲ್ಪ ನಿಲ್ಲಿ. ಅರವತ್ತು ವರ್ಷ ಆ ಹೊಲದಲ್ಲಿ ರಾಗಿ ಪೈರು ನೆಟ್ಟು, ಕಳೆ ಕಿತ್ತು, ಕಣದಲ್ಲಿ ತೂರಿ, ಮೈದುನರಿಬ್ಬರಿಗೆ ಬುತ್ತಿ ಕಟ್ಟಿ ಶಾಲೆಗೆ ಕಳಿಸಿದ ಹೆಂಗಸಿಗೆ ಪಿತ್ರಾರ್ಜಿತದ ಲೆಕ್ಕದಲ್ಲಿ ಸಿಗುವುದು ಐದು ಗುಂಟೆ. ನಿಮ್ಮ ಅಪ್ಪ ಯಜಮಾನರಾಗಿದ್ದಾಗ ಅವರೂ ಯಜಮಾನತಿ ಆಗಿದ್ದರಲ್ಲವೇ. ಐವರು ಮಕ್ಕಳಲ್ಲಿ ಯಾರೂ ಇನ್ನೂ ಈ ಪ್ರಶ್ನೆ ಕೇಳಿಲ್ಲ, ನಿಮ್ಮ ಪತ್ರದಲ್ಲೂ ಅವ್ವನಿಗೆ ಸಿಕ್ಕಿದ್ದು 'ಇದ್ದಾರೆ' ಎಂಬ ಒಂದೇ ಮಾತು. ಮಕ್ಕಳೆಲ್ಲ ಒಪ್ಪಿದರೆ ಅವ್ವನಿಗೆ ಹೆಚ್ಚು ಕೊಡುವುದಕ್ಕೆ ಯಾವ ಕಾನೂನೂ ಅಡ್ಡ ಬರುವುದಿಲ್ಲ. ಅವರ ಕಾಲವಿರುವ ತನಕ ಮನೆ ಮತ್ತು ತೆಂಗಿನ ಫಸಲು ಅವರದೇ ಎಂದು ಪಾಲುಪತ್ರದಲ್ಲಿ ಸ್ಪಷ್ಟವಾಗಿ ಬರೆಸಿ. ಮಿಕ್ಕ ಮಾತು ಆಮೇಲೆ.

ಫಾರಂ 7ರ ಜಮೀನು ಬೇರೆಯದೇ ವಿಷಯ. 1974ರ ಮಾರ್ಚ್ 1ರಂದು ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದು, ಗೇಣಿದಾರರು ಉಳುತ್ತಿದ್ದ ಜಮೀನು ಸರ್ಕಾರಕ್ಕೆ ಸೇರಿ, ಉಳುವವರು ಫಾರಂ 7 ಹಾಕಿ ಭೂ ನ್ಯಾಯಮಂಡಳಿಯ ಮುಂದೆ ತಮ್ಮ ಸಾಗುವಳಿಯನ್ನು ಸಾಬೀತು ಮಾಡಿ ಪಡೆಯಬೇಕಿತ್ತು. ಕೇಳಿದಷ್ಟು ಸುಲಭದ ಕೆಲಸ ಆಗಿರಲಿಲ್ಲ. ಅದುವರೆಗೆ ಯಾರ ಅಂಗಳದಲ್ಲಿ ಕೈಕಟ್ಟಿ ನಿಂತು ಗೇಣಿ ರಾಗಿ ಅಳೆದುಕೊಟ್ಟಿದ್ದರೋ ಅವರ ಎದುರಿಗೇ ತಾಲ್ಲೂಕು ಕಚೇರಿಯಲ್ಲಿ ನಿಂತು 'ಈ ಜಮೀನು ಉಳುವವನು ನಾನು' ಎನ್ನಬೇಕಿತ್ತು. ಅಕ್ಕಪಕ್ಕದ ಹೊಲದವರಲ್ಲಿ ಎಷ್ಟೋ ಜನ ಸಾಕ್ಷಿ ಹೇಳಲು ಹೆದರುತ್ತಿದ್ದರು. ನಲವತ್ತರ ಆಸುಪಾಸಿನ ನಿಮ್ಮಪ್ಪ, ಐವರು ಮಕ್ಕಳ ಸಂಸಾರ ಕಟ್ಟಿಕೊಂಡು, ಆ ಧೈರ್ಯ ಮಾಡಿದ್ದಾರೆ. ಅದು ನಿಮ್ಮ ಮಕ್ಕಳಿಗೆ ಗೊತ್ತಿರಲಿ.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಆ ಗೇಣಿ ತಾತನ ಕಾಲದಿಂದಲೇ ನಡೆದು ಬಂದಿದ್ದರೆ, ಆದೇಶ ಅಪ್ಪನೊಬ್ಬರ ಹೆಸರಿಗೇ ಆಗಿದ್ದರೂ ಅದು ಯಜಮಾನನ ಮೂಲಕ ಇಡೀ ಕುಟುಂಬಕ್ಕೆ ಸಿಕ್ಕಿದ್ದು ಎಂದು ಕೋರ್ಟುಗಳು ಹೇಳಿದ್ದುಂಟು. ಹಾಗಾದರೆ ಚಿಕ್ಕಪ್ಪಂದಿರ ಮಕ್ಕಳೂ ಮಾತೆತ್ತಬಹುದು. 1978ರ ಪಾಲುಪಟ್ಟಿಯಲ್ಲಿ ಈ 2 ಎಕರೆಯ ಬಗ್ಗೆ ಏನಾದರೂ ಬರೆದಿದೆಯೇ ನೋಡಿ. ನ್ಯಾಯಮಂಡಳಿಯ ಕಡತದ ದೃಢೀಕೃತ ನಕಲು ತೆಗೆಸಿ. ಅದು ಕೈಗೆ ಬರುವ ತನಕ ಆ ಜಮೀನನ್ನು ಯಾರಿಗೂ ಹಂಚಬೇಡಿ.

ಇನ್ನು ಅಕ್ಕಂದಿರು. ಇಬ್ಬರು ಪೆನ್ನು ಹಿಡಿದರು ಎಂದಿರಿ. ಅವರಿಗೆ ಜಮೀನು ಬೇಡ ಎಂದು ಇದರಿಂದ ತೀರ್ಮಾನ ಮಾಡಬೇಡಿ. ನಮ್ಮ ಕಡೆಯ ಹೆಣ್ಣುಮಗಳು ಹಕ್ಕು ಖುಲಾಸೆಗೆ, ಅಂದರೆ ಹಕ್ಕು ಬಿಡುಗಡೆ ಪತ್ರಕ್ಕೆ, ಸಹಿ ಹಾಕುವುದು ಬಹಳ ಸಲ ತವರು ತಪ್ಪಿಹೋದೀತೆಂಬ ಭಯಕ್ಕೆ. ಅಪ್ಪ ಹೋದರು, ನಾಳೆ ಅವ್ವನೂ ಹೋದ ಮೇಲೆ ಆ ಮನೆಯಲ್ಲಿ ತನಗೆ ಮಡಿಲಕ್ಕಿ ತುಂಬುವವರು ಯಾರು? ಅಣ್ಣನನ್ನು ಎದುರು ಹಾಕಿಕೊಂಡರೆ ಹಬ್ಬಕ್ಕೆ ಕರೆಯುವವರು ಯಾರು? ಈ ಭಯ ಹುಸಿಯಲ್ಲ. ಪಾಲು ಕೇಳಿದ್ದಕ್ಕೆ ತಮ್ಮನ ಮಗನ ಮದುವೆಗೆ ಕರೆಯಿಲ್ಲದೆ, ಛತ್ರದ ಗೇಟಿನ ತನಕ ಬಂದು ವಾಪಸ್ಸು ಹೋದ ಹೆಂಗಸು ನನ್ನ ಕಕ್ಷಿದಾರಳಾಗಿದ್ದಳು. ಹಾಗಾಗಿ ಪಾಲಿಗೂ ತವರಿಗೂ ಗಂಟು ಹಾಕಬೇಡಿ. ತಗೊಂಡರೂ ತವರು ಇದೆ, ಬಿಟ್ಟರೂ ತವರು ಇದೆ ಎಂದು ಅಣ್ಣ ಮತ್ತು ನೀವು ಇಬ್ಬರೂ ಬಾಯಿಬಿಟ್ಟು ಹೇಳಬೇಕು. ಆಮೇಲೆ ಅವರು ಬಿಟ್ಟರೆ ಅದು ಅವರ ಖುಷಿ.

ನನ್ನ ಮನೆಯಲ್ಲೇ ಆದದ್ದನ್ನು ಹೇಳುತ್ತೇನೆ. ನಮ್ಮಪ್ಪ ಹೋದಾಗ ನಾನು ಹೊಸ ವಕೀಲ. ಅಕ್ಕನ ಹಕ್ಕು ಬಿಡುಗಡೆ ಪತ್ರವನ್ನು ನಾನೇ ಬರೆದೆ. ಹದಿನೈದನೇ ದಿನಕ್ಕೇ ನೋಂದಣಿ ಮಾಡಿಸಿದೆ. ಕಾನೂನಿನ ಪ್ರಕಾರ ಅದರಲ್ಲಿ ಒಂದು ಅಕ್ಷರ ತಪ್ಪಿಲ್ಲ. ಅಕ್ಕ ಏನೂ ಅನ್ನಲಿಲ್ಲ, ಇವತ್ತಿಗೂ ಅಂದಿಲ್ಲ. ಗೌರಿ ಹಬ್ಬಕ್ಕೆ ಬರುತ್ತಾಳೆ, ಬಾಗಿನ ತಗೊಳ್ಳುತ್ತಾಳೆ, ಸಂಜೆ ಬಸ್ಸಿಗೆ ಹೊರಡುತ್ತಾಳೆ. ಆ ವರ್ಷದಿಂದ ಇಲ್ಲಿಯ ತನಕ ಅವಳು ನಮ್ಮ ಮನೆಯಲ್ಲಿ ಒಂದು ರಾತ್ರಿ ಉಳಿದಿಲ್ಲ. ಅವಳನ್ನು ನಾನು 'ನಿನಗೆ ಬೇಕಾ ಅಕ್ಕ' ಎಂದು ಕೇಳಿರಲೇ ಇಲ್ಲ.

ಅಣ್ಣನ ಮಾತಿಗೆ ಬರೋಣ. ಮೂವತ್ತು ವರ್ಷ ಉತ್ತದ್ದಕ್ಕೆ ಕಾನೂನು ಹೆಚ್ಚಿನ ಪಾಲು ಕೊಡುವುದಿಲ್ಲ. ಅಪ್ಪನಿಗೆ ಕೊನೆಗಾಲದಲ್ಲಿ ಸ್ನಾನ ಮಾಡಿಸಿ, ರಾತ್ರಿ ಎದ್ದು ನೀರು ಕೊಟ್ಟು, ಆಸ್ಪತ್ರೆಗೆ ಓಡಾಡಿದ್ದಕ್ಕೂ ಕೊಡುವುದಿಲ್ಲ. ನನ್ನ ದೃಷ್ಟಿಯಲ್ಲಿ ಇದು ಕಾನೂನಿನ ದೊಡ್ಡ ಕೊರತೆ. ಹೆಣ್ಣುಮಕ್ಕಳ ಹಕ್ಕಿನ ಪರ ಇಷ್ಟು ಮಾತಾಡುವ ನಾನು ಇದನ್ನೂ ಅಷ್ಟೇ ಗಟ್ಟಿಯಾಗಿ ಹೇಳುತ್ತೇನೆ. ಊರಲ್ಲಿ ಉಳಿದ ಮಗನ ದುಡಿಮೆಗೆ ಬೆಲೆ ಕಟ್ಟಬೇಕಾದವರು ಊರು ಬಿಟ್ಟುಹೋದ ಮಕ್ಕಳು. ಸ್ವ ಇಚ್ಛೆಯಿಂದ ಮಾಡಿಕೊಳ್ಳುವ ಪಾಲಿನಲ್ಲಿ ಎಲ್ಲರದೂ ಗುಂಟೆ ಲೆಕ್ಕಕ್ಕೆ ಸಮ ಇರಬೇಕೆಂದೇನಿಲ್ಲ. ಪೀಣ್ಯದ ಸಂಬಳ ಇರುವ ನೀವು ನಿಮ್ಮ ಪಾಲಿನಲ್ಲಿ ಅಣ್ಣನಿಗೆ ಎಷ್ಟು ಬಿಡುತ್ತೀರಿ ಎಂಬುದನ್ನು ಅಕ್ಕಂದಿರ ಪಾಲಿನ ಮಾತು ತೆಗೆಯುವ ಮೊದಲೇ ಅವನಿಗೆ ಹೇಳಿ. ಹಾಗೆ ಹೇಳಿದರೆ ಅಣ್ಣ ಮಾತಾಡಿಯೇ ಮಾತಾಡುತ್ತಾನೆ ಎಂಬ ನಂಬಿಕೆ ನನಗಿದೆ.

ಮಾಡಬೇಕಾದ ಓಡಾಟ ಇಷ್ಟು. ಮನೆಯಲ್ಲಿ ತೀರಿಕೊಂಡಿದ್ದರೆ ಮರಣವನ್ನು 21 ದಿನದೊಳಗೆ ನೋಂದಾಯಿಸಬೇಕು. 30 ದಿನದ ತನಕ ತಡದ ಶುಲ್ಕ, ಆಮೇಲೆ ವರ್ಷದೊಳಗಾದರೆ ಅಧಿಕಾರಿಯ ಅನುಮತಿ ಬೇಕು. ಇನ್ನೂ ಮಾಡಿಸಿಲ್ಲದಿದ್ದರೆ ನಾಳೆಯೇ ಹೋಗಿ. ಮುಂದಿನದು ವಂಶವೃಕ್ಷ. ನಾಡಕಚೇರಿಯಲ್ಲಿ ಅರ್ಜಿ ಹಾಕುವಾಗ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಇಲ್ಲೇ ಹೆಚ್ಚಿನ ಮನೆಗಳು ಎಡವುವುದು. 'ಹೆಣ್ಣುಮಕ್ಕಳ ಹೆಸರು ಯಾಕೆ, ಸುಮ್ಮನೆ ಕೆಲಸ ಜಾಸ್ತಿ' ಎಂದು ಯಾರೋ ಹೇಳುತ್ತಾರೆ, ಇವರು ಬಿಡುತ್ತಾರೆ. ಅದು ಸುಳ್ಳು ಪ್ರಮಾಣ. ಹತ್ತು ವರ್ಷದ ಮೇಲೆ ಹೆದ್ದಾರಿ ಪಕ್ಕದ ಜಮೀನಿಗೆ ಬೆಂಗಳೂರಿನ ಕೊಳ್ಳುವವರು ಬಂದಾಗ ಅವರ ವಕೀಲರು ಮೊದಲು ಕೇಳುವುದು ವಂಶವೃಕ್ಷವನ್ನೇ, ಮತ್ತು 'ಅಕ್ಕಂದಿರು ಎಲ್ಲಿ' ಎಂದು. ನೆಲಮಂಗಲದಿಂದ ಕುಣಿಗಲ್ ತನಕ ಅರ್ಧಕ್ಕೇ ನಿಂತುಹೋದ ಮಾರಾಟಗಳ ಹಿಂದೆ ಹೀಗೆ ಬಿಟ್ಟುಹೋದ ಒಂದು ಹೆಸರು ಇರುವುದನ್ನು ನಾನೇ ಎಷ್ಟೋ ಕಡತಗಳಲ್ಲಿ ನೋಡಿದ್ದೇನೆ.

ವಂಶವೃಕ್ಷದಲ್ಲಿ ಅವ್ವ ಮತ್ತು ಐವರು ಮಕ್ಕಳು, ಆರೂ ಹೆಸರು ಇರಲಿ. ಅಪ್ಪನ ಖಾತೆಯನ್ನು ಅದೇ ಆರು ಹೆಸರಿಗೆ ಜಂಟಿಯಾಗಿ ಬದಲಾಯಿಸಿಕೊಳ್ಳಿ, ಇದಕ್ಕೇ ಪೌತಿ ಖಾತೆ ಎನ್ನುತ್ತಾರೆ. ಪೌತಿ ಖಾತೆ ಆದರೆ ಪಾಲಾದಂತಲ್ಲ, ಯಾರೂ ಏನೂ ಕಳೆದುಕೊಂಡಂತೆಯೂ ಅಲ್ಲ. ಸಾಲಕ್ಕೆ ಆರು ಜನರ ಸಹಿ ಬೇಕಾಗುವ ತೊಂದರೆ ಅಣ್ಣನಿಗೆ ಆಗುತ್ತದೆ, ನಿಜ. ಅವನು ಕೇಳಿದ ದಿನ ರಜೆ ಹಾಕಿ ಹೋಗಿ ಸಹಿ ಮಾಡಿ. ಸೊಸೈಟಿಯಲ್ಲಿ ಅಪ್ಪನ ಹೆಸರಿನ ಸಾಲ ಉಳಿದಿದೆಯೇ ಎಂದು ಪಹಣಿಯ ಹನ್ನೊಂದನೇ ಕಾಲಂ ನೋಡಿ. ಬ್ಯಾಂಕಿನ ಖಾತೆಗೆ ಅಣ್ಣ ನಾಮಿನಿ ಆಗಿದ್ದರೆ ಹಣ ಅವನ ಕೈಗೆ ಬರುತ್ತದೆ, ಆದರೆ ಅದು ವಾರಸುದಾರರೆಲ್ಲರದು.

ಅಪ್ಪನ ಟ್ರಂಕು ಎಲ್ಲಿದೆ? ಅವರ ವಯಸ್ಸಿನ ಯಜಮಾನರ ಮನೆಗಳಲ್ಲಿ ಒಂದು ಕಬ್ಬಿಣದ ಟ್ರಂಕು ಇದ್ದೇ ಇರುತ್ತದೆ. ಕಂದಾಯದ ರಸೀದಿ, ಕ್ರಯಪತ್ರ, ಫಾರಂ 7ರ ಆದೇಶ, ಹಳೆಯ ಪಂಚಾಂಗದ ಅಂಚಿನಲ್ಲಿ ಬರೆದಿಟ್ಟ ಕೈಸಾಲದ ಲೆಕ್ಕ. ಅದನ್ನು ಒಬ್ಬರೇ ತೆಗೆಯಬೇಡಿ. ಐವರೂ ಇದ್ದಾಗ, ಅವ್ವನ ಮುಂದೆ ತೆಗೆದು, ಒಂದೊಂದು ಕಾಗದಕ್ಕೂ ಫೋಟೊ ಹೊಡೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿ, ಮೂಲ ಅವ್ವನ ಬಳಿಯೇ ಇಡಿ. ಯಾರೋ ಕಾಗದ ಬಚ್ಚಿಟ್ಟರು ಎಂಬ ಒಂದು ಅನುಮಾನದಿಂದ ಹುಟ್ಟಿದ ದಾವೆಗಳನ್ನು ನಾನು ಹತ್ತು ಹನ್ನೆರಡು ವರ್ಷ ನಡೆಸಿದ್ದೇನೆ. ಕಾಗದದಲ್ಲಿ ಇಲ್ಲದ್ದು ಇನ್ನೂ ಬಹಳ ಇದೆ. ಬದುವಿನ ಕಲ್ಲು ಯಾವುದು, ಬಂಡಿದಾರಿಗೆ ಯಾರು ಒಪ್ಪಿದ್ದರು, ಯಾವ ಮರ ಯಾರ ಪಾಲಿನದು ಎಂಬುದೆಲ್ಲ ಅಪ್ಪನ ತಲೆಯಲ್ಲಿತ್ತು. ಈಗ ಉಳಿದಿರುವುದು ಅವ್ವನ ತಲೆಯಲ್ಲಿ. ಅವರನ್ನು ಒಂದು ಬೆಳಿಗ್ಗೆ ನಿಧಾನಕ್ಕೆ ಹೊಲ ಸುತ್ತಿಸಿ, ಅವರು ಹೇಳಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.

ಪಾಲನ್ನು ವರ್ಷದ ತಿಥಿ ಆಗುವ ತನಕ ಎತ್ತಬೇಡಿ. ಇದು ಕಾನೂನಲ್ಲ, ನನ್ನ ಸಲಹೆ. ಆಮೇಲೆ ಮಾಡುವಾಗ ಸರ್ವೆಯವರಿಂದ ಪ್ರತಿ ಪಾಲಿನ ಗಡಿ ಅಳೆದು ತೋರಿಸುವ 11ಇ ನಕ್ಷೆ ಮಾಡಿಸಿ, ಪಾಲುಪತ್ರ ಬರೆಸಿ, ನೋಂದಾಯಿಸಿ. ಬೋರ್‌ವೆಲ್ ಯಾರ ಪಾಲಿಗೆ ಬಿದ್ದರೂ ಉಳಿದವರಿಗೆ ನೀರಿನ ಸರದಿ ಹೇಗೆ, ಕರೆಂಟ್ ಬಿಲ್ ಮತ್ತು ಮೋಟಾರ್ ರಿಪೇರಿ ಖರ್ಚು ಯಾರದು ಎಂದು ಪತ್ರದಲ್ಲೇ ಬರೆಸಿ. ಹಿಂದಿನ ಪಾಲಿಗೆ ಹೋಗುವ ದಾರಿಯ ಅಗಲವನ್ನು ಅಡಿ ಲೆಕ್ಕದಲ್ಲಿ ಬರೆಸಿ. ಈ ಎರಡನ್ನು ಬಾಯಿಮಾತಿಗೆ ಬಿಟ್ಟ ಮನೆಗಳಲ್ಲಿ ಜಗಳ ತಪ್ಪಿದ್ದು ಕಡಿಮೆ. ಅಕ್ಕಂದಿರಲ್ಲಿ ಯಾರಾದರೂ ಪಾಲು ಬಿಡುವುದಾದರೆ ಆಗ, ತಾವೇ ಓದಿ, ತಮ್ಮ ಮಕ್ಕಳಿಗೂ ತಿಳಿಸಿ, ಸಬ್ ರಿಜಿಸ್ಟ್ರಾರ್ ಮುಂದೆ ಬಿಡಲಿ. ಒಮ್ಮೆ ನೋಂದಣಿಯಾದ ಹಕ್ಕು ಬಿಡುಗಡೆಯನ್ನು ಮೋಸವೋ ಒತ್ತಾಯವೋ ಆಗಿದೆ ಎಂದು ಕೋರ್ಟಿನಲ್ಲಿ ಸಾಬೀತು ಮಾಡದೆ ರದ್ದು ಮಾಡಿಸಲು ಆಗದು ಎಂಬುದು ಅವರಿಗೆ ಮೊದಲೇ ಗೊತ್ತಿರಲಿ. ಅವರು ತಮ್ಮದೇ ವಕೀಲರನ್ನು ಕೇಳಬೇಕೆಂದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ. ಆ ವಿಷಯ ಅವರಿಗೆ ಹೇಳುವವರು ನೀವೇ ಆಗಿ.

ಕೊನೆಯದಾಗಿ, ತೋಟದ ಮೂಲೆಯಲ್ಲಿ ಅಪ್ಪನನ್ನು ಮಣ್ಣು ಮಾಡಿದ ಜಾಗ. ಅದನ್ನು ಯಾರ ಪಾಲಿಗೂ ಸೇರಿಸಬೇಡಿ. ಒಂದು ಗುಂಟೆಯನ್ನು ಆರೂ ಜನರ ಜಂಟಿ ಹೆಸರಿನಲ್ಲಿ ಬಿಟ್ಟು, ರಸ್ತೆಯಿಂದ ಅಲ್ಲಿಗೆ ನಡೆದುಹೋಗುವ ದಾರಿಯನ್ನು ನಕ್ಷೆಯಲ್ಲಿ ತೋರಿಸಿ, ಪತ್ರದಲ್ಲಿ ಬರೆಸಿ. ಅಣ್ಣನ ಪಾಲಿಗೆ ಬಿದ್ದ ತೋಟದಲ್ಲಿ ಎಡೆ ಇಡಲು ತಂಗಿಯರು ಅವನ ಅಪ್ಪಣೆ ಕೇಳಿ ಬರಬೇಕಾದ ಸ್ಥಿತಿ ಬೇಡ. ನಾಳೆ ಆ ತೋಟ ಬೇರೆಯವರ ಕೈಗೆ ಹೋದರಂತೂ ಬೇಲಿಯ ಹೊರಗೆ ನಿಲ್ಲಬೇಕಾಗುತ್ತದೆ. ಮುಂದಿನ ಭಾನುವಾರ ಊರಿಗೆ ಹೋದಾಗ ಅಣ್ಣನ ಹತ್ತಿರ ಬೇರೆ ಯಾವ ಮಾತನ್ನೂ ಎತ್ತದೆ, ಈ ಒಂದು ಗುಂಟೆಯಿಂದ ಶುರು ಮಾಡಿ. ಇದಕ್ಕೆ ಅವನು ಬೇಡ ಎನ್ನಲಾರ.